ರವಿಕೆ ಕಣದ ಪಂಚಾಂಗ

ನಮ್ಮ ಕಡೆಯ ಗೃಹಸ್ಥರ ಮನೆಗಳಲ್ಲಿ, ಮನೆಯವರು ಹಣ ತೆತ್ತು ಕೊಂಡದ್ದಲ್ಲದ, ಮನೆಯವರಲ್ಲಿ ಒಬ್ಬರೂ ತೊಡದಿರುವ, ಆದರೂ ವರ್ಷದಿಂದ ವರ್ಷಕ್ಕೆ ವೃದ್ಧಿ ಹೊಂದುತ್ತಲೇ ಇರುವ ಐಶ್ವರ್ಯವೊಂದು ಉಂಟು. ಬೀರುವಿನ ಕೆಳಗಿನ ಅಂಕಣದಲ್ಲಿ ಪೇರಿಸಿಟ್ಟ ರವಿಕೆ ಕಣಗಳ ರಾಶಿಯನ್ನು ಕುರಿತು ಹೇಳುತ್ತಿದ್ದೇನೆ. ಸೀಮಂತಕ್ಕೆ ಹೋದರೆ ಒಂದು, ಗೃಹಪ್ರವೇಶಕ್ಕೆ ಹೋದರೆ ಒಂದು, ಗೌರಿ ಹಬ್ಬದ ಮೊರದ ಬಾಗಿನದಲ್ಲಿ ಒಂದು, ವರಮಹಾಲಕ್ಷ್ಮಿಯ ಸಂಜೆ ನಾಲ್ಕು ಮನೆಯ ಅರಿಶಿನ ಕುಂಕುಮಕ್ಕೆ ಹೋಗಿ ಬಂದರೆ ನಾಲ್ಕು, ಹೀಗೆ ವೀಳ್ಯದೆಲೆ ಅಡಿಕೆ ತೆಂಗಿನಕಾಯಿಗಳ ಜೊತೆಗೂಡಿ ಮನೆಗೆ ಬರುವ ಈ ವಸ್ತ್ರಖಂಡವು, ಎಲೆ ಬಾಡಿ ಕಾಯಿ ಚಟ್ನಿಯಾದ ಮೇಲೆಯೂ ತಾನು ಮಾತ್ರ ಅವಿಕೃತವಾಗಿ ಉಳಿದು, ಮುಂದಿನ ಶುಭಕಾರ್ಯದಲ್ಲಿ ಮತ್ತೊಬ್ಬ ಮುತ್ತೈದೆಯ ಮಡಿಲನ್ನು ಸೇರುವ ಸುಯೋಗಕ್ಕಾಗಿ ಕಾದಿರುತ್ತದೆ. ಅದನ್ನು ಹೊಲಿಸಿ ತೊಡುವ ಯೋಚನೆ ಕೊಟ್ಟವರಿಗೂ ಇರುವುದಿಲ್ಲ, ಪಡೆದವರಿಗೂ ಇರುವುದಿಲ್ಲ. ಸೀರೆಯ ಸೆರಗಿಗೇ ರವಿಕೆಯ ಬಟ್ಟೆಯನ್ನು ಸೇರಿಸಿ ನೇಯುವ ಈ ಕಾಲದಲ್ಲಂತೂ ಅದು ವಸ್ತ್ರಧರ್ಮವನ್ನೇ ತೊರೆದು ಒಂದು ಬಗೆಯ ನಾಣ್ಯವಾಗಿ ಪರಿಣಮಿಸಿದೆ. ನಮ್ಮ ನಂದಗುಡಿಯಿಂದ ಹೊಸಕೋಟೆಗೆ, ಅಲ್ಲಿಂದ ಸೂಲಿಬೆಲೆಗೆ, ಸೂಲಿಬೆಲೆಯಿಂದ ಚಿಂತಾಮಣಿಯ ಬೀಗರ ಮನೆಗೆ ಸಂಚಾರ ಹೋದ ಗಿಳಿಹಸಿರು ಕಣವೊಂದು, ಮೂಲೆಯಲ್ಲಿ ನಾನೇ ಪೆನ್ಸಿಲಿನಿಂದ ಹಾಕಿದ್ದ ಗುರುತಿನ ಸಮೇತ, ನನ್ನ ಮಡಿಲಿಗೇ ಹಿಂದಿರುಗಿದ್ದುಂಟು. ಊರು ಬಿಟ್ಟು ಬೆಂಗಳೂರು ಸೇರಿದ ಎಷ್ಟೋ ಮಂದಿಗೆ ಸಿದ್ಧಿಸದ ಭಾಗ್ಯ ಅದು.

ಈ ರಾಶಿಗೆ ಸದ್ಗತಿ ಕಾಣಿಸುವ ಸಂದರ್ಭವು ಜರ್ಮನಿಯ ಸ್ಟುಟ್‌ಗಾರ್ಟ್ ನಗರದಿಂದ ಒದಗಿಬಂದೀತೆಂದು ಯಾರು ತಾನೆ ಊಹಿಸಬಲ್ಲರು? ನನ್ನ ಮಗಳೂ ಅಳಿಯನೂ ಉದ್ಯೋಗನಿಮಿತ್ತ ಅಲ್ಲಿ ನೆಲೆಸಿದ್ದಾರೆ. ಮೊಮ್ಮಗಳು ಅಲ್ಲಿಯ ಶಿಶುವಿಹಾರಕ್ಕೆ ಹೋಗುತ್ತಾಳೆ. ಡಿಸೆಂಬರ್ ತಿಂಗಳು ಬಂದಿತೆಂದರೆ ಅಲ್ಲಿಯ ಮಕ್ಕಳಿಗೆಲ್ಲ ಒಂದೊಂದು ವಿಶೇಷವಾದ ಪಂಚಾಂಗ ದೊರೆಯುತ್ತದೆ. ಒಂದರಿಂದ ಇಪ್ಪತ್ತನಾಲ್ಕರವರೆಗೆ ಅಂಕಿ ಬರೆದ ಪುಟ್ಟ ಬಾಗಿಲುಗಳೋ ಚೀಲಗಳೋ ಅದರಲ್ಲಿರುತ್ತವೆ. ದಿನಕ್ಕೊಂದರಂತೆ ತೆರೆದು ಒಳಗಿನ ಚಿತ್ರವನ್ನೋ ತಿನಿಸನ್ನೋ ತೆಗೆದುಕೊಳ್ಳುತ್ತ ಹೋದರೆ, ಕಡೆಯದು ಬರಿದಾದ ಸಂಜೆಗೆ ಸರಿಯಾಗಿ ಕ್ರಿಸ್‌ಮಸ್ ಬಂದು ಬಾಗಿಲಲ್ಲಿ ನಿಲ್ಲುತ್ತದೆ. “ಅಂಗಡೀದು ಬೇಡ, ಅಜ್ಜಿ ಹೊಲಿದದ್ದೇ ಬೇಕು” ಎಂದು ಮೊಮ್ಮಗಳು ದೂರವಾಣಿಯಲ್ಲಿ ಅಪ್ಪಣೆ ಮಾಡಿದಳು; ಅವಳ ಗೆಳತಿಯೊಬ್ಬಳಿಗೆ ಆ ಹುಡುಗಿಯ ಅಜ್ಜಿಯೇ ಹೊಲಿದುಕೊಟ್ಟಿದ್ದಳಂತೆ. ಎರಡು ದೇಶಗಳ ಅಜ್ಜಿಯರ ಮಾನದ ಪ್ರಶ್ನೆಯು ಅದರಲ್ಲಿ ಅಡಗಿದೆಯೆಂದು ಸ್ಪಷ್ಟವಾದ ಮೇಲೆ ಹಿಂದೆಗೆಯುವ ಮಾತೇ ಇರಲಿಲ್ಲ.

ಬಹುಕಾಲ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರಿಗೆ ಒಂದು ವಸ್ತುವಿನ ವಂಶಾವಳಿಯನ್ನು ಅರಿಯದೆ ಅದಕ್ಕೆ ಕತ್ತರಿ ಹಾಕಲು ಮನಸ್ಸೊಪ್ಪದು. ವಿಚಾರಿಸಲಾಗಿ ತಿಳಿದುಬಂದ ಸಂಗತಿಗಳು ನಾನೆಣಿಸಿದ್ದಕ್ಕಿಂತ ಹೃದ್ಯವಾಗಿದ್ದವು. ಕ್ರಿಸ್‌ಮಸ್ಸಿಗೆ ಹಿಂದಣ ನಾಲ್ಕು ಭಾನುವಾರಗಳನ್ನೊಳಗೊಂಡ ಅವಧಿಯು ಕ್ರೈಸ್ತರಲ್ಲಿ ನಿರೀಕ್ಷೆಗೆ ಮೀಸಲಾದದ್ದು. ನಮ್ಮ ನಾಡಿನ ಕಥೋಲಿಕರು ಅದನ್ನು ಆಗಮನ ಕಾಲವೆನ್ನುತ್ತಾರೆ. ಮೊದಲ ಭಾನುವಾರವು ನವೆಂಬರ್ ೨೭ರಿಂದ ಡಿಸೆಂಬರ್ ೩ರೊಳಗೆ ಯಾವ ದಿನ ಬೀಳುವುದೋ ಅದನ್ನನುಸರಿಸಿ ಆ ಕಾಲವು ಒಂದು ವರ್ಷ ೨೨ ದಿನಗಳಿಗೆ ಕುಗ್ಗಿ ಮತ್ತೊಂದು ವರ್ಷ ೨೮ ದಿನಗಳಿಗೆ ಹಿಗ್ಗುವುದುಂಟು. ಇಷ್ಟು ಸೂಕ್ಷ್ಮವಾದ ಗಣಿತವು ಮಕ್ಕಳಿಗೆ ಒಗ್ಗದೆಂದೋ ಏನೋ, ಅವರ ಎಣಿಕೆಗೆ ಇಪ್ಪತ್ತನಾಲ್ಕೇ ನಿಂತಿತು. ಹತ್ತೊಂಬತ್ತನೆಯ ಶತಮಾನದ ಜರ್ಮನಿಯಲ್ಲಿ ಕೆಲವರ ಮನೆಯ ಬಾಗಿಲ ಮೇಲೆ ಸೀಮೆಸುಣ್ಣದಿಂದ ಇಪ್ಪತ್ತನಾಲ್ಕು ಗೀಟು ಎಳೆದು ದಿನಕ್ಕೊಂದನ್ನು ಒರಸಿಹಾಕುವುದು. ಕಥೋಲಿಕರ ಮನೆಗಳಲ್ಲಿ ಗೋದಲಿಯೊಳಗೆ ದಿನಕ್ಕೊಂದು ಹುಲ್ಲುಕಡ್ಡಿಯನ್ನಿಟ್ಟು, ಬಾಲಯೇಸು ಬಂದು ಮಲಗುವ ವೇಳೆಗೆ ಹಾಸಿಗೆಯನ್ನು ಮೆತ್ತಗೆ ಮಾಡುವುದು. ಹ್ಯಾಂಬರ್ಗಿನಲ್ಲಿ ದಿಕ್ಕಿಲ್ಲದ ಮಕ್ಕಳಿಗಾಗಿ ಆಶ್ರಮವೊಂದನ್ನು ನಡೆಸುತ್ತಿದ್ದ ಯೋಹಾನ್ ಹಿನ್‌ರಿಖ್ ವಿಖರ್ನ್ ಎಂಬ ಪಾದ್ರಿಯು, ಹಬ್ಬ ಎಂದು ಬರುವುದೆಂದು ದಿನವೂ ಪೀಡಿಸುತ್ತಿದ್ದ ಹುಡುಗರಿಗೆ ಉತ್ತರವಾಗಿ, ೧೮೩೯ರಲ್ಲಿ ಗಾಡಿಯ ಚಕ್ರವೊಂದರ ಮೇಲೆ ವಾರದ ದಿನಗಳಿಗೆ ಸಣ್ಣ ಮೇಣದ ಬತ್ತಿಗಳನ್ನೂ ಭಾನುವಾರಗಳಿಗೆ ನಾಲ್ಕು ದೊಡ್ಡವನ್ನೂ ನಿಲ್ಲಿಸಿ, ದಿನಕ್ಕೊಂದನ್ನು ಹೊತ್ತಿಸುತ್ತ ಬಂದನಂತೆ.

ಆದರೆ ನನ್ನನ್ನು ಸೆರೆಹಿಡಿದದ್ದು ಗೆರ್ಹಾರ್ಟ್ ಲಾಂಗನ ಕಥೆ. ೧೮೮೧ರಲ್ಲಿ ಮೌಲ್‌ಬ್ರಾನ್ ಎಂಬ ಊರಿನಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದ ಈತನಿಗೆ ಬಾಲ್ಯದಲ್ಲಿ ತಾಯಿಯು ರಟ್ಟಿನ ಮೇಲೆ ಇಪ್ಪತ್ತನಾಲ್ಕು ಮನೆಗಳನ್ನು ಬರೆದು, ಒಂದೊಂದು ಮನೆಗೂ ಒಂದೊಂದು ಪುಟ್ಟ ಸಿಹಿ ಬಿಸ್ಕತ್ತನ್ನು ದಾರದಿಂದ ಹೊಲಿದು ಕೊಡುತ್ತಿದ್ದಳೆಂದು ಪ್ರತೀತಿ. ಮಗನು ಬೆಳೆದು ಮ್ಯೂನಿಕ್ ನಗರದಲ್ಲಿ ಮುದ್ರಣಾಲಯದ ಪಾಲುದಾರನಾಗಿ, ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ತಾಯಿಯ ರಟ್ಟನ್ನೇ ಅಚ್ಚಿಗೇರಿಸಿದನು. ತೆರೆಯುವ ಪುಟ್ಟ ಬಾಗಿಲುಗಳು ಬಂದದ್ದು ಅನಂತರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಕಾಗದಕ್ಕೆ ಬರ ಬಂದು ಈ ಪಂಚಾಂಗಗಳು ನಿಂತುಹೋದುವು. ಯುದ್ಧ ಮುಗಿದ ಮರುವರ್ಷವೇ, ೧೯೪೬ರಲ್ಲಿ, ರಿಚರ್ಡ್ ಸೆಲ್ಮರ್ ಎಂಬಾತನು ಅವನ್ನು ಮತ್ತೆ ಮುದ್ರಿಸತೊಡಗಿದ್ದು ಬಾಂಬುಗಳಿಂದ ಜರ್ಜರಿತವಾಗಿದ್ದ ಇದೇ ಸ್ಟುಟ್‌ಗಾರ್ಟಿನಲ್ಲಿ. ಅವನು ಮೊದಲು ಮುದ್ರಿಸಿದ ಚಿತ್ರವು ಒಂದು ಪುಟ್ಟ ಪಟ್ಟಣದ್ದು. ಅಂತೂ ಮುದ್ರಣಯಂತ್ರಕ್ಕಿಂತ ಮೊದಲು ಸೂಜಿದಾರವಿತ್ತೆಂಬುದು ಸಿದ್ಧವಾಯಿತು. ಅಂಗಡಿಗಳಲ್ಲಿ ಈಗ ಮಾರುವ, ಇಪ್ಪತ್ತನಾಲ್ಕು ಬಾಗಿಲುಗಳ ಹಿಂದೆಯೂ ಒಂದೇ ರುಚಿಯ ಚಾಕೊಲೇಟನ್ನು ಅಡಗಿಸಿಟ್ಟಿರುವ ರಟ್ಟಿನ ಪೆಟ್ಟಿಗೆಯ ಮೇಲೆ ನನಗಿದ್ದ ಅಸಡ್ಡೆಗೆ ಇದರಿಂದ ಶಾಸ್ತ್ರಾಧಾರವೂ ದೊರೆತಂತಾಯಿತು.

ಆ ಸೀಮೆಯ ಹೆಸರು ಕನ್ನಡಿಗರಿಗೆ ತೀರ ಹೊಸತೂ ಅಲ್ಲ. ಮೌಲ್‌ಬ್ರಾನ್ ಇರುವ ವ್ಯೂರ್ಟೆಂಬರ್ಗ್ ಪ್ರಾಂತದವರೇ ಅಲ್ಲವೆ, ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದ ನಮ್ಮ ಹರ್ಮನ್ ಮೊಗ್ಲಿಂಗರು? ಅವರ ಗೆಳೆಯರೂ ಮಲಯಾಳದ ಕೋಶಕಾರರೂ ಆದ ಗುಂಡರ್ಟರು ಹುಟ್ಟಿದ್ದು ಸ್ಟುಟ್‌ಗಾರ್ಟಿನಲ್ಲಿ, ಓದಿದ್ದು ಮೌಲ್‌ಬ್ರಾನಿನ ಮಠದ ಶಾಲೆಯಲ್ಲಿ. ಮೊಗ್ಲಿಂಗರು ಕಾಲವಾದ ೧೮೮೧ರಲ್ಲಿಯೇ ಲಾಂಗನು ಹುಟ್ಟಿದ್ದರಿಂದ, ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆಗಳನ್ನೇ ನಡೆಸಿದ ಇವರಿಬ್ಬರ ಬಾಸೆಲ್ ಮಿಷನ್ನಿನ ಮೊದಲ ತಲೆಮಾರಿಗೆ ಅಚ್ಚಿನ ಪಂಚಾಂಗವನ್ನು ಕಾಣುವ ಯೋಗವಿರಲಿಲ್ಲ.

ಪಂಚಾಂಗವಿಲ್ಲದಿದ್ದರೇನು, ದಿನವೆಣಿಸುವ ಉಪಾಯವು ಇಲ್ಲಿಯವರಿಗೆ ಇಲ್ಲದೆ ಇರಲಿಲ್ಲ. ಬೆಂಗಳೂರಿನಲ್ಲಿ ನನ್ನ ಸಹೋದ್ಯೋಗಿಯಾಗಿದ್ದ ಕಥೋಲಿಕ ಮಹಿಳೆಯೊಬ್ಬರ ಮನೆಯಲ್ಲಿ, ಕ್ರಿಸ್ತಜಯಂತಿಗೆ ಎರಡು ವಾರವಿದೆಯೆನ್ನುವಾಗ, ತಗಡಿನ ತಟ್ಟೆಗಳಲ್ಲಿ ತೆಳುವಾಗಿ ಮಣ್ಣು ಹರಡಿ, ನೆನೆಸಿದ ರಾಗಿಯನ್ನು ಒತ್ತಾಗಿ ಚೆಲ್ಲಿ, ಕಿಟಕಿಯ ಬಳಿ ಇಡುತ್ತಿದ್ದರು. ಮಕ್ಕಳಿಗೆ ನೀರು ಚಿಮುಕಿಸುವ ಕೆಲಸ. ಮೂರು ನಾಲ್ಕು ದಿನಕ್ಕೆ ಬಿಳಿಯ ಮೊಳಕೆ, ವಾರಕ್ಕೆ ಎಳೆಯ ಹಸಿರು. ಹಬ್ಬದ ಹಿಂದಿನ ಸಂಜೆ ತಟ್ಟೆಗಳನ್ನು ಗೋದಲಿಯ ಮುಂದೆ ಜೋಡಿಸಿ ಕುರಿಗಳನ್ನೂ ಕುರುಬರನ್ನೂ ನಿಲ್ಲಿಸುವ ಹೊತ್ತಿಗೆ ಬೆತ್ಲೆಹೇಮಿನಲ್ಲಿ ಬೆರಳುದ್ದದ ರಾಗಿಪೈರು. ಅದೇ ದಿನಗಳಲ್ಲಿ ನಮ್ಮ ಹೊಸಕೋಟೆ ಸೀಮೆಯ ಹೊಲಗಳಲ್ಲಿ ರಾಗಿಯ ಕಟಾವು ಮುಗಿದು ಮೆದೆಯೇಳುತ್ತಿರುತ್ತದೆ. ಹೊರಗೆ ಒಂದು ಬೆಳೆಗೆ ಕುಡುಗೋಲು ಬೀಳುವಾಗ ಒಳಗೆ ಅದೇ ಧಾನ್ಯವು ಕುರುಬರ ಬೊಂಬೆಗಳ ಕಾಲಡಿಯಲ್ಲಿ ಹೊಸದಾಗಿ ತಲೆಯೆತ್ತುವ ಈ ಏರ್ಪಾಟನ್ನು ಯಾವ ಪಾದ್ರಿಯೂ ಕಲಿಸಿದ್ದಿರಲಾರದು, ಮನೆಯ ಹೆಂಗಸರೇ ಕಂಡುಕೊಂಡಿರಬೇಕು.

ಇನ್ನು ಹೊಲಿಗೆಯ ವಿಷಯ. ನನ್ನದು ಕಾಲಿನಿಂದ ತುಳಿಯುವ ಹಳೆಯ ಉಷಾ ಯಂತ್ರ. ವೇಗದಲ್ಲಿ ಅದಕ್ಕೂ ನನಗೂ ಒಳ್ಳೆಯ ಹೊಂದಾಣಿಕೆಯುಂಟು. ಹಿಂಬದಿಗೆ ಬಳಸಿ ಮೆತ್ತಗಾದ ನೂಲಿನ ದುಪ್ಪಟಿಯನ್ನು ಎರಡು ಪದರ ಮಾಡಿ, ಉದ್ದ ಒಂದು ಗಜದ ಮೇಲೆ ಒಂದಂಗುಲ, ಅಗಲ ಅರ್ಧ ಗಜದ ಮೇಲೆ ಮೂರಂಗುಲಕ್ಕೆ ಕತ್ತರಿಸಿದೆನು. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ಆರು ಜೇಬುಗಳು, ನಡುವೆ ಒಂದೊಂದಂಗುಲದ ಓಣಿ. ಜೇಬು ನಾಲ್ಕಂಗುಲ ಅಗಲ, ಐದಂಗುಲ ಎತ್ತರದ್ದಾದರೂ ಕಣವನ್ನು ಏಳಂಗುಲ ಅಗಲಕ್ಕೆ ಕತ್ತರಿಸಬೇಕು. ಏಕೆಂದರೆ ಚಪ್ಪಟೆಯಾದ ಜೇಬಿನಲ್ಲಿ ಕಾಗದ ಹೊರತು ಮತ್ತೇನೂ ಹಿಡಿಸದು, ಬುಡದ ಎರಡು ಮೂಲೆಗಳಲ್ಲಿ ಒಂದೊಂದು ನೆರಿಗೆ ಹಿಡಿದರೆ ಮಾತ್ರ ಅದಕ್ಕೆ ಹೊಟ್ಟೆ ಬರುತ್ತದೆ. ಬಾಯಂಚನ್ನು ಎರಡು ಮಡಿಕೆ ಮಡಿಸಿ ಹೊಲಿದು, ನೆರಿಗೆಗಳನ್ನು ಇಸ್ತ್ರಿಯಿಂದ ಒತ್ತಿ ಕೂರಿಸಿ, ಕಚ್ಚಾ ಹಾಕಿ, ಅನಂತರ ಮೂರು ಪಕ್ಕ ಯಂತ್ರ ಓಡಿಸುವುದು. ಬಾಯಿಯ ಎರಡು ತುದಿಗಳಲ್ಲಿ ಮಾತ್ರ ಹಿಂದಕ್ಕೂ ಮುಂದಕ್ಕೂ ಮೂರು ಬಾರಿ ಹೊಲಿಯತಕ್ಕದ್ದು, ಮಕ್ಕಳ ಕೈ ಮೊದಲು ಹರಿಯುವುದು ಅಲ್ಲಿಯೇ. ಈ ಕಾಲದ ಕಣಗಳಾದರೋ ಬಹುಮಟ್ಟಿಗೆ ನುಣುಪಾದ ಪಾಲಿಯೆಸ್ಟರು. ಪಾದದ ಕೆಳಗೆ ಸಿಕ್ಕಿತೆನ್ನುವಷ್ಟರಲ್ಲಿ ಜಾರಿಕೊಳ್ಳುತ್ತವೆ. ಅಂಥವುಗಳ ಅಡಿಗೆ ಹಳೆಯ ವೃತ್ತಪತ್ರಿಕೆಯ ಪಟ್ಟಿಯೊಂದನ್ನಿಟ್ಟು ಎರಡನ್ನೂ ಕೂಡಿಸಿ ಹೊಲಿದು, ಆಮೇಲೆ ಕಾಗದವನ್ನು ಹರಿದು ತೆಗೆದುಬಿಟ್ಟರೆ ಹೊಲಿಗೆ ನೆಟ್ಟಗೆ ಬರುತ್ತದೆ. ಸಂಪಾದಕೀಯಗಳಿಂದ ಇಷ್ಟು ನೇರವಾದ ಉಪಕಾರವನ್ನು ನಾನು ಹಿಂದೆಂದೂ ಪಡೆದಿರಲಿಲ್ಲ.

ಕಣಗಳನ್ನು ಆರಿಸುತ್ತ ಕೂತಾಗ ಒಂದೊಂದೂ ಒಂದೊಂದು ಮನೆಯಾಗಿ ಎದುರು ನಿಂತಿತು. ಈ ನೇರಳೆ ಬಣ್ಣದ್ದು ಮೇಲುಬೀದಿಯ ಮಗುವಿನ ನಾಮಕರಣದ್ದು. ಆ ಮಗು ಈಗ ಕಾಲೇಜಿಗೆ ಹೋಗುತ್ತದೆ. ಈ ಜರಿಯಂಚಿನದನ್ನು ಕೊಟ್ಟಾಕೆ ಈಗಿಲ್ಲ. ಇಪ್ಪತ್ತನಾಲ್ಕನೆಯ ಜೇಬಿಗೆ ಮಾತ್ರ ಅಪ್ಪಟ ಗುಳೇದಗುಡ್ಡದ ಖಣವನ್ನು ಎತ್ತಿಟ್ಟೆನು. ಬಾಗಲಕೋಟೆಗೆ ವರ್ಗವಾಗಿ ಹೋದ ಗೆಳತಿಯೊಬ್ಬಳು ತಂದುಕೊಟ್ಟದ್ದು, ಇಷ್ಟು ವರ್ಷ ಯಾರ ತಾಂಬೂಲಕ್ಕೂ ಇಡಲು ಮನಸ್ಸು ಬಾರದೆ ಉಳಿದಿತ್ತು. ಚೂರುಬಟ್ಟೆಯ ಕೆಲಸಕ್ಕೆ ನನಗೆ ಮೇಲ್ಪಂಕ್ತಿಯೂ ಉಂಟು: ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡುಗಳ ಕಾಡಂಚಿನಲ್ಲಿ ಸಿದ್ದಿ ಹೆಂಗಸರು ಹಳೆಯ ಸೀರೆಗಳ ಚೂರುಗಳಿಂದ ಕವಂದಿಯೆಂಬ ಕೌದಿಗಳನ್ನು ಹೊಲಿಯುತ್ತಾರೆ. ಅವರಲ್ಲಿ ಕ್ರೈಸ್ತರಾದವರು ಕೆಲವೊಮ್ಮೆ ನಡುವೆ ಶಿಲುಬೆಯ ಆಕಾರವನ್ನು ಕೂಡಿಸುವುದೂ ಉಂಟು. ನಾಲ್ಕು ಮೂಲೆಗಳಿಗೆ ಬಟ್ಟೆಯ ಚೂರನ್ನು ಮುಕ್ಕೋನವಾಗಿ ಮಡಿಸಿ ಹೂವೆಂದು ಹೊಲಿಯದಿದ್ದರೆ ಆ ಕವಂದಿಯು ಬೆತ್ತಲೆಯೆಂದೇ ಅವರ ಲೆಕ್ಕ. ನನ್ನ ಪಂಚಾಂಗವನ್ನು ಅಷ್ಟು ದೂರ ಬೆತ್ತಲೆಯಾಗಿ ಕಳುಹಿಸುವುದುಂಟೆ? ನಾಲ್ಕು ಮೂಲೆಗೂ ಹೂವಿಟ್ಟೆನು. ಅಂಕಿಗಳನ್ನು ಕೆಂಪು ದಾರದಿಂದ ಸರಪಳಿ ಹೊಲಿಗೆಯಲ್ಲಿ, ಕೈಯಿಂದಲೇ, ಕನ್ನಡದಲ್ಲಿ ಮೂಡಿಸಿದೆನು. ೬ ಯಾವುದು ೯ ಯಾವುದು ಎಂದು ಮೊಮ್ಮಗಳು ತಲೆ ಕೆರೆದುಕೊಳ್ಳಲಿ, ಕೊಂಚ ವಿದ್ಯೆ ಹತ್ತೀತು.

ಜೇಬು ಹೊಲಿಯುವುದು ಸುಲಭ, ತುಂಬುವುದು ಕಷ್ಟ. ನಮ್ಮ ಊರಿನ ಹೆಸರನ್ನು ಪುರಾತನ ನಂದರಸರಿಗೆ ಗಂಟುಹಾಕುವ ಐತಿಹ್ಯವೊಂದುಂಟು; ಆದರೆ ಜಗತ್ಪ್ರಸಿದ್ಧವಾದ ಆ ನಂದರ ಭಂಡಾರದಲ್ಲಿ ಒಂದು ಕಾಸೂ ನಂದಗುಡಿಯವರಿಗೆ ದಕ್ಕಲಿಲ್ಲ. ಹೋಗಲಿ, ಹಾಲುಖೋವ ಕಳುಹಿಸೋಣವೆಂದರೆ ಹೊರಗಿನ ದೇಶಗಳಿಂದ ಅಂಚೆಯಲ್ಲಿ ಬರುವ ಹಾಲಿನ ಪದಾರ್ಥಗಳಿಗೂ ಮಾಂಸಕ್ಕೂ ಐರೋಪ್ಯ ಒಕ್ಕೂಟದಲ್ಲಿ ಪ್ರವೇಶವಿಲ್ಲ. ಸೊಗಡಿನ ಅವರೆಯ ನಾಲ್ಕು ಬೀಜ ಹಾಕೋಣವೆಂದರೆ ಬೀಜಕ್ಕೆ ರೋಗವಿಲ್ಲವೆಂಬ ಸರ್ಕಾರಿ ಪ್ರಮಾಣಪತ್ರ ಬೇಕು. ಚನ್ನಪಟ್ಟಣದ ಬುಗುರಿ, ಗಾಜಿನ ಗೋಲಿ, ಒಂದು ಜೊತೆ ಗೆಜ್ಜೆ, ಸಕ್ಕರೆ ಅಚ್ಚು, ರೇಷ್ಮೆಯ ಕುಚ್ಚು, ಇಷ್ಟರಲ್ಲಿಯೇ ನನ್ನ ಸಂಪತ್ತು ಮುಗಿದು ಅರ್ಧಕ್ಕಿಂತ ಹೆಚ್ಚು ಜೇಬುಗಳು ಬಾಯ್ದೆರೆದುಕೊಂಡೇ ಇದ್ದವು.

ಪರಿಹಾರವು ದೊರೆತದ್ದು ಪಕ್ಕದ ಮನೆಯ ಹುಳುವಿನ ಕೋಣೆಯಲ್ಲಿ. ನಮ್ಮ ಸೀಮೆಯಲ್ಲಿ ಹಿಪ್ಪುನೇರಳೆಯಿರುವ ಕಡೆ ಹುಳು ಮೇಯಿಸುವ ಮನೆಯಿರುತ್ತದೆ. ಹುಳುವು ಪೊರೆ ಬಿಡಲು ಮೇವು ನಿಲ್ಲಿಸಿ ಕೂರುವುದಕ್ಕೆ ಇಲ್ಲಿ ಜ್ವರವೆಂದು ಹೆಸರು. ಈಚೆಗೆ ಅನೇಕರು ಎರಡನೆಯ ಜ್ವರ ಎದ್ದ ಮರಿಗಳನ್ನೇ, ಎಳೆಯ ಹುಳುಗಳನ್ನು ಸಾಕಿ ಕೊಡುವ ಚಾಕಿ ಕೇಂದ್ರದಿಂದ ತರುವುದು ರೂಢಿ. ಪಕ್ಕದ ಮನೆಯಾಕೆಯದು ಹಳೆಯ ಕ್ರಮ, ಮೊಟ್ಟೆಯಿಂದಲೇ ಪ್ರಾರಂಭ. ನಾನು ಕಣಗಳನ್ನು ಹರಡಿಕೊಂಡು ಕೂತಿದ್ದ ಒಂದು ಸಂಜೆ ಆಕೆ ಜಗಲಿಯ ಅಂಚಿಗೆ ಬಂದು, ಕೂರದೆಯೇ, “ನಾಕ್ನೇ ಜ್ವರ ಎದ್ದವೆ ಟೀಚರಮ್ಮ, ಹಣ್ಣಾಗೋಗಂಟ ನನ್ನ ಯಾವ್ ಮದ್ವೆಗೂ ಕರೀಬೇಡಿ” ಎಂದು ಹೇಳಿ ಸೊಪ್ಪಿನ ಹೊರೆಯೊಂದಿಗೆ ಹೊರಟುಹೋದಳು. ನನ್ನ ಕೈಯ ಸೂಜಿ ಅಲ್ಲಿಯೇ ನಿಂತಿತು. ಮೊಟ್ಟೆಯೊಡೆದ ದಿನದಿಂದ ಗೂಡು ಕಟ್ಟುವ ದಿನದವರೆಗೆ ರೇಷ್ಮೆಹುಳುವಿನ ಆಯುಸ್ಸು ಇಪ್ಪತ್ತೈದು ದಿನಗಳ ಆಚೀಚೆ. ಅದರ ನಡುವೆ ನಾಲ್ಕು ಜ್ವರ. ಪಂಚಾಂಗಕ್ಕೆ ಇಪ್ಪತ್ತನಾಲ್ಕು ದಿನ, ನಾಲ್ಕು ಭಾನುವಾರ. ನನ್ನ ಪಕ್ಕದ ಮನೆಯಲ್ಲಿ, ಗೋಡೆಯಾಚೆ, ವರ್ಷಕ್ಕೆ ಹಲವು ಬಾರಿ ಎಣಿಸಲ್ಪಡುತ್ತಿದ್ದ ದಿನಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ!

ಮರುದಿನವೇ ಆಕೆಯ ಕೋಣೆಯ ಬಾಗಿಲಲ್ಲಿ ಕೂತು, ಕಳೆದ ದಿನಗಳ ವೃತ್ತಾಂತವನ್ನು ಕೇಳಿ ಬರೆದುಕೊಂಡೆನು. ಉಳಿದವನ್ನು ಕಣ್ಣಾರೆ ಕಂಡೆನು. ಜೇಬಿಗೊಂದು ಚೀಟಿ, ಚೀಟಿಗೆ ಎರಡು ಮೂರು ಸಾಲು. ಮೊದಲನೆಯ ದಿನ ಮೊಟ್ಟೆಯೊಡೆದು ಬಂದ, ಅಂಗುಲದ ಎಂಟನೆಯ ಒಂದು ಪಾಲೂ ಇಲ್ಲದ ಕರಿಯ ಹುಳುಗಳು. ಅವಕ್ಕೆ ದಾರದಷ್ಟು ಸಣ್ಣಗೆ ಹೆಚ್ಚಿದ ಎಳೆಯ ಸೊಪ್ಪು. ನಾಲ್ಕನೆಯ ದಿನದ ಸುಮಾರಿಗೆ ಮೊದಲ ಜ್ವರ: ಹುಳುವು ಮೇವನ್ನು ಬಿಟ್ಟು, ತಲೆಯನ್ನು ಮೇಲಕ್ಕೆತ್ತಿ, ಒಂದು ಹಗಲು ಒಂದು ರಾತ್ರಿ ಅಲುಗಾಡದೆ ಕೂರುತ್ತದೆ. ಆಗ ಸೊಪ್ಪು ಹಾಕುವಂತಿಲ್ಲ. ಹಾಸಿಗೆ ಒಣಗಿರಲೆಂದು ಸುಣ್ಣದ ಪುಡಿಯನ್ನು ಮೆಲ್ಲಗೆ ಉದುರಿಸಿ ಬಾಗಿಲು ಮುಂದೆ ಮಾಡಿ ಬರಬೇಕು. ಬೇಗ ಎದ್ದ ಹುಳುಗಳಿಗೆ ಹಸಿವೆಂದು ಮೇವು ಕೊಟ್ಟರೆ ತಡವಾಗಿ ಏಳುವವು ಹಿಂದುಳಿದು ಇಡಿಯ ಬೆಳೆಯೇ ಸಮನಾಗಿ ಬರುವುದಿಲ್ಲವಾದಕಾರಣ, ಹೆಚ್ಚು ಕಡಮೆ ಎಲ್ಲವೂ ಪೊರೆ ಬಿಟ್ಟು ಏಳುವವರೆಗೆ ಎದ್ದವೂ ಕಾಯಬೇಕು, ಸಾಕುವವಳೂ ಕಾಯಬೇಕು. ನಾಲ್ಕನೆಯ ಜ್ವರ ಕಳೆದ ಮೇಲೆ ಹಗಲಿರುಳೆನ್ನದ ಮೇಯಿತ. ಒಂದು ಬೆಳೆಯ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲು ಈ ಕಡೆಯ ವಾರದಲ್ಲಿಯೇ ಕರಗುತ್ತದೆ. ಹುಟ್ಟಿದ ದಿನದ ತೂಕಕ್ಕಿಂತ ಹತ್ತು ಸಾವಿರ ಪಟ್ಟು ತೂಗುವಂತಾದ ಹುಳುವು ಕಡೆಗೆ ಹಣ್ಣಾಗಿ, ಮೈಯೆಲ್ಲ ಪಾರದರ್ಶಕವಾಗಿ, ಗೂಡು ಕಟ್ಟುವ ತಟ್ಟಿಯಾದ ಚಂದ್ರಂಕಿಯನ್ನು ಸೇರುತ್ತದೆ. ಇಪ್ಪತ್ತನಾಲ್ಕನೆಯ ಚೀಟಿಯಲ್ಲಿ ಅದು ಮೊದಲ ಎಳೆಯನ್ನು ಬಿಟ್ಟು ತನ್ನ ಸುತ್ತ ಗೂಡು ಕಟ್ಟಲಾರಂಭಿಸಿತು.

ಪಂಚಾಂಗವು ಸಕಾಲದಲ್ಲಿ ತಲುಪಿತು. ಮಗಳು ಚೀಟಿಗಳನ್ನು ದಿನವೂ ಬೆಳಗ್ಗೆ ಓದಿ ಹೇಳುತ್ತಿದ್ದಳು. ಜ್ವರದ ದಿನಗಳಲ್ಲಿ ಮೊಮ್ಮಗಳು ಶಿಶುವಿಹಾರದಲ್ಲಿ ಯಾರೊಡನೆಯೂ ಮಾತನಾಡದೆ ತಲೆಯೆತ್ತಿಕೊಂಡು ಕೂತಿದ್ದಳೆಂದು ಅಲ್ಲಿಯ ಉಪಾಧ್ಯಾಯಿನಿಯಿಂದ ವಿಚಾರಣೆಯೂ ಬಂದಿತಂತೆ. ಇಪ್ಪತ್ತನಾಲ್ಕನೆಯ ತಾರೀಖಿನ ರಾತ್ರಿ, ಮರದಡಿಯ ಉಡುಗೊರೆಗಳನ್ನೆಲ್ಲ ಬಿಚ್ಚಿದ ಮೇಲೆ, ದೂರವಾಣಿಯಲ್ಲಿ ಅವಳು ಕೇಳಿದ್ದು ಒಂದೇ: “ಅಜ್ಜಿ, ಗೂಡೊಳಗೆ ಹುಳ ಈಗ ಏನ್ಮಾಡ್ತಿದೆ?”

ಗೂಡುಗಳು ಶಿಡ್ಲಘಟ್ಟದ ಮಾರುಕಟ್ಟೆಗೆ ಹೋದ ಮೇಲೆ ನಡೆಯುವುದೇನೆಂಬುದನ್ನು, ಕುದಿನೀರಿನ ಬಾಣಲೆಯನ್ನು, ಐದು ವರ್ಷದ ಮಗುವಿಗೆ ಕ್ರಿಸ್‌ಮಸ್ಸಿನ ರಾತ್ರಿ ವಿವರಿಸುವ ಧೈರ್ಯ ನನಗಾಗಲಿಲ್ಲ. ಸುಳ್ಳು ಹೇಳುವುದಕ್ಕೂ ಮನಸ್ಸಾಗಲಿಲ್ಲ. ಎಲ್ಲ ಗೂಡುಗಳ ಗತಿಯೂ ಒಂದೇ ಅಲ್ಲವೆಂಬುದು ಪುಣ್ಯ. ಮಾಗಡಿ ಕುಣಿಗಲುಗಳ ಕಡೆ ಬಿತ್ತನೆಗೆಂದೇ ಬೆಳೆದ ಗೂಡುಗಳನ್ನು ಬೇಯಿಸುವುದಿಲ್ಲ; ಹತ್ತು ಹನ್ನೆರಡು ದಿನಗಳಲ್ಲಿ ಚಿಟ್ಟೆಯು ಗೂಡನ್ನು ತೂತುಮಾಡಿಕೊಂಡು ಹೊರಬಂದು ಮೊಟ್ಟೆಯಿಡುತ್ತದೆ. ಕಥೆಯನ್ನು ಆ ದಾರಿಯಲ್ಲಿ ಮುಂದುವರಿಸುವುದಾದರೆ ಇನ್ನಷ್ಟು ದಿನಗಳು ಬೇಕು; ದಿನಗಳು ನಮ್ಮ ಪಂಚಾಂಗದಲ್ಲಿ ಬೇಕಾದಷ್ಟಿವೆ. ಡಿಸೆಂಬರ್ ೧೬ರ ಸುಮಾರಿಗೆ ಧನುರ್ಮಾಸವು ಹುಟ್ಟಿ ಸಂಕ್ರಾಂತಿಯವರೆಗೆ ನಡೆಯುತ್ತದೆ. ಗೋದಾದೇವಿಯು ತಿರುಪ್ಪಾವೈಯನ್ನು ದಿನಕ್ಕೊಂದರಂತೆ ಮೂವತ್ತು ಪಾಶುರಗಳಾಗಿ ಹಾಡಿದ್ದು ಈ ಮಾಸಕ್ಕಾಗಿಯೇ. ಸೂರ್ಯೋದಯಕ್ಕೆ ಮುನ್ನ ಎದ್ದು ಪೂಜೆ ಮುಗಿಸಬೇಕೆಂಬುದು ಇದರ ಕಟ್ಟಳೆ. ಆ ಕಾಲದಲ್ಲಿ ಸ್ಟುಟ್‌ಗಾರ್ಟಿನ ಸೂರ್ಯನು ಎಂಟು ಗಂಟೆ ಕಳೆದ ಮೇಲೆಯೇ ಏಳುವನಾದ್ದರಿಂದ, ಶಾಲೆಗೆ ಹೊರಡುವ ಆ ಊರಿನ ಮಕ್ಕಳೆಲ್ಲರೂ ತಮಗೆ ತಿಳಿಯದೆಯೇ ಧನುರ್ಮಾಸದ ವ್ರತಸ್ಥರು.

ಆದುದರಿಂದ ಮುಂದಿನ ವರ್ಷಕ್ಕೆ ಒಂದು ತಿದ್ದುಪಡಿಯನ್ನು ಗೊತ್ತುಮಾಡಿದ್ದೇನೆ. ಹದಿನೈದನೆಯ ತಾರೀಖಿನ ಹೊತ್ತಿಗೆ ಮೊದಲ ಹದಿನೈದು ಜೇಬುಗಳು ಖಾಲಿಯಾಗಿರುತ್ತವಷ್ಟೆ. ಹದಿನಾರರಂದು ಒಂದನೆಯ ಜೇಬಿನಿಂದ ಧನುರ್ಮಾಸದ ಎಣಿಕೆ ತೊಡಗಿದರೆ, ಕ್ರಿಸ್‌ಮಸ್ಸಿನ ಎಣಿಕೆ ತನ್ನ ಪಾಡಿಗೆ ಮುಂದೆ ಮುಂದೆ ನಡೆದು ಮುಗಿದುಹೋಗುತ್ತದೆ, ಇದು ಹಿಂದಿನಿಂದ ಬಂದು ಸಂಕ್ರಾಂತಿಯನ್ನು ಮುಟ್ಟುತ್ತದೆ. ಬೇಕಾದದ್ದು ಬಲಗಡೆಗೆ ಇನ್ನೊಂದು ಸಾಲು, ಆರೇ ಆರು ಜೇಬು. ಹದಿನಾರರಿಂದ ಇಪ್ಪತ್ತನಾಲ್ಕರವರೆಗೆ ಒಂಬತ್ತು ದಿನ ಮಗುವಿಗೆ ಎರಡೆರಡು ಜೇಬು ತೆರೆಯುವ ಹಕ್ಕು ಬರುವುದರಿಂದ ಶಿಸ್ತು ಕೆಡುತ್ತದೆಂದು ಮಗಳ ಆಕ್ಷೇಪಣೆ; ಮೊಮ್ಮಗಳು ನನ್ನ ಪಕ್ಷ. ಪಂಚಾಂಗವು ಅಲ್ಲಿಯ ಗೋಡೆಯ ಮೇಲೆಯೇ ಇರುವುದರಿಂದ ಹೊಸ ಸಾಲನ್ನು ಬೇರೆ ಪಟ್ಟಿಯಾಗಿ ಹೊಲಿದು, ಅಂಚಿಗೆ ಕಾಜಾ ತೆಗೆದು ಕಳುಹಿಸುತ್ತೇನೆ. ಎದುರಂಚಿಗೆ ಆರು ಗುಂಡಿ ಹೊಲಿದುಕೊಳ್ಳುವಷ್ಟು ವಿದ್ಯೆಯು ಎಂಜಿನಿಯರಿಂಗ್ ಓದಿದ ಮಗಳಿಗೆ ಇದ್ದೀತೆಂದು ನಂಬಿದ್ದೇನೆ.